ಕೆರೆಕಟ್ಟೆಗೆ ಮೊದಲು ಬಂದವರು ಯಾರು?

ಶೃಂಗೇರಿಯಲ್ಲಿ ಕಾರ್ಕಳದ ಬಸ್ಸು ಹತ್ತಿದವರಿಗೆ ಕೆರೆಕಟ್ಟೆ ಗೊತ್ತಿರುತ್ತದೆ. ನೆಮ್ಮಾರು ದಾಟಿದ ಮೇಲೆ ಕಾಡು ದಟ್ಟವಾಗುತ್ತಾ ಹೋಗುತ್ತದೆ, ಮೊಬೈಲ್ ಸಿಗ್ನಲ್ ಕೈಕೊಡುತ್ತದೆ, ಆಮೇಲೆ ಈ ಊರು. ಮಳೆಗಾಲದಲ್ಲಿ ಪೇಪರಿನ ಮಳೆ ವರದಿ ಓದುವವರು ಆಗುಂಬೆ, ಕಿಗ್ಗದ ಜೊತೆಗೆ ಈ ಹೆಸರನ್ನೂ ನೋಡಿರುತ್ತೀರಿ. ಊರು ಚಿಕ್ಕದು. ಸುತ್ತ ಇರುವುದು 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಇನ್ನೂ ಮುಂದೆ ಹೋದರೆ ಎಸ್.ಕೆ. ಬಾರ್ಡರ್, ಅಲ್ಲಿಂದ ಮಾಳ ಘಾಟಿ ಇಳಿದರೆ ತುಳುನಾಡು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ.

ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆಯವರು ನಾಲ್ಕು ಜನ ಹಾಸ್ಟೆಲ್ ರೂಮಿನಲ್ಲಿ ಸೇರಿದರೆ ಒಂದಲ್ಲ ಒಂದು ದಿನ ಈ ಮಾತು ಬಂದೇ ಬರುತ್ತದೆ: ನಮ್ಮ ಕಡೆಗೆ ಮೊದಲು ಬಂದವರು ಯಾರು? ಒಬ್ಬನ ಮನೆಯಲ್ಲಿ "ನಾವು ಘಟ್ಟದ ಕೆಳಗಿಂದ ಬಂದವರು" ಅಂತ ಅಜ್ಜ ಹೇಳಿರುತ್ತಾರೆ. ಇನ್ನೊಬ್ಬನ ಮನೆಯಲ್ಲಿ ಬಯಲುಸೀಮೆಯಿಂದ ಬಂದ ಕತೆ. ಮತ್ತೊಬ್ಬನ ಮನೆತನಕ್ಕೆ ಮಠದ ಕಾಲದ ಲೆಕ್ಕ. ಹರಿಹರ ಮತ್ತವನ ತಮ್ಮಂದಿರು ಶೃಂಗೇರಿಗೆ ಭೂಮಿ ಬಿಟ್ಟ ಶಾಸನವೇ 1346ರದ್ದು. ಹಾಗೆ ನೋಡಿದರೆ ಎಲ್ಲರೂ ಎಲ್ಲಿಂದಲೋ ಬಂದವರೇ! ಆದರೂ ಮಾತಿನ ಕೊನೆಗೆ ಪ್ರತಿಯೊಬ್ಬರಿಗೂ ತಾವೇ ಮೂಲ, ಮಿಕ್ಕವರು ಆಮೇಲೆ ಬಂದವರು. ಕಾಡಿನೊಳಗೇ ಇರುವ ಮಲೆಕುಡಿಯರು, ಗೌಡಲು, ಹಸಲರು ಈ ಚರ್ಚೆಗೆ ಬರುವುದು "ಅವರು ಬಿಡು, ಮೊದಲಿಂದ ಇದ್ದವರು" ಅನ್ನುವ ಒಂದೇ ವಾಕ್ಯದಲ್ಲಿ. ಮೊದಲಿಂದ ಅಂದರೆ ಯಾವಾಗಿಂದ? ಯಾರೂ ಕೇಳಲ್ಲ.

ಈ ಸಲ ನಮ್ಮ ಸಂಘದಲ್ಲಿ ಇದನ್ನೇ ಪಾಠವಾಗಿ ತೆಗೆದುಕೊಂಡೆವು. ಇತಿಹಾಸದ ಪಾಠ ಅಂತ ಶುರುಮಾಡಿದ್ದು ಕಡೆಗೆ ನಮ್ಮದೇ ಸಿಲೆಬಸ್ಸಿಗೆ ಬಂದು ನಿಂತಿತು. ಮ್ಯಾಟ್ರಿಕ್ಸ್, ಐಗನ್‌ವೆಕ್ಟರ್, ಕೆಪಾಸಿಟರ್ ಡಿಸ್ಚಾರ್ಜ್, ಎಲ್ಲ ಇದೆ.

ಎಲುಬು ಉಳಿಯದ ಮಣ್ಣು

ಹಳೆಯ ಜನರ ಬಗ್ಗೆ ತಿಳಿಯಲು ನೇರ ದಾರಿ ಅವರ ಎಲುಬು. ಎಲುಬಿನೊಳಗೆ ಡಿಎನ್ಎ ಉಳಿದಿದ್ದರೆ ಓದಬಹುದು. ಅದಕ್ಕೆ ಅತ್ಯಂತ ಒಳ್ಳೆಯ ಜಾಗ ಒಳಕಿವಿಯನ್ನು ಸುತ್ತುವರಿದಿರುವ ತಲೆಬುರುಡೆಯ ಗಟ್ಟಿ ಮೂಳೆ. ಆದರೆ ಡಿಎನ್ಎಗೆ ಬಿಸಿ ಆಗಿಬರಲ್ಲ, ನೀರು ಆಗಿಬರಲ್ಲ, ಹುಳಿ ಮಣ್ಣು ಆಗಿಬರಲ್ಲ. ಮಲೆನಾಡಿನಲ್ಲಿ ಈ ಮೂರರಲ್ಲಿ ಯಾವುದಕ್ಕೂ ಕೊರತೆ ಇಲ್ಲ. ಜಂಬಿಟ್ಟಿಗೆ ಮಣ್ಣು, ತಿಂಗಳುಗಟ್ಟಲೆ ಮಳೆ. ಇಲ್ಲಿ ಡಿಎನ್ಎ ಬಿಡಿ, ಎಲುಬೇ ಕರಗಿ ಹೋಗುತ್ತದೆ.

ಒಣಹವೆಯ ಹರಿಯಾಣದಲ್ಲೇ ಎಷ್ಟು ಕಷ್ಟ ಅನ್ನೋದು ರಾಖಿಗಢಿಯ ಕತೆಯಿಂದ ಗೊತ್ತಾಗುತ್ತದೆ. ಸಿಂಧೂ ನಾಗರಿಕತೆಯ ಆ ದೊಡ್ಡ ಪಟ್ಟಣದ ಸ್ಮಶಾನದಿಂದ 61 ಅಸ್ಥಿ ಮಾದರಿಗಳನ್ನು ಪರೀಕ್ಷಿಸಿದರು. ಓದುವಷ್ಟು ಡಿಎನ್ಎ ಸಿಕ್ಕಿದ್ದು ಒಂದರಲ್ಲಿ, ಒಬ್ಬ ಹೆಂಗಸಿನದು. ಅದೂ ನೂರಕ್ಕೂ ಹೆಚ್ಚು ಸಲ ಪ್ರಯತ್ನಪಟ್ಟ ಮೇಲೆ. ಲ್ಯಾಬಿನಲ್ಲಿ ಮೂರನೇ ಸಲ ರೀಡಿಂಗ್ ಬರದಿದ್ದರೆ ಪಕ್ಕದವನದ್ದು ನೋಡಿ ಬರೆದುಕೊಳ್ಳುವ ನಾವು ಇಲ್ಲಿ ಸ್ವಲ್ಪ ತಲೆ ತಗ್ಗಿಸಬೇಕು. ಆ ಫಲಿತಾಂಶ 2019ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಬಂತು. ಅದೇ ವರ್ಷ 'ಸೈನ್ಸ್' ಪತ್ರಿಕೆಯಲ್ಲಿ 523 ಪ್ರಾಚೀನ ವ್ಯಕ್ತಿಗಳ ಡಿಎನ್ಎ ಓದಿದ ದೊಡ್ಡ ಅಧ್ಯಯನ ಬಂತು. ಅದರಲ್ಲಿ ಮಧ್ಯ ಏಷ್ಯಾ ಇದೆ, ಇರಾನ್ ಇದೆ, ಪಾಕಿಸ್ತಾನದ ಸ್ವಾತ್ ಕಣಿವೆ ಇದೆ. ದಕ್ಷಿಣ ಭಾರತದ ಒಂದು ಎಲುಬೂ ಇಲ್ಲ.

ಹಾಗಂತ ನಮ್ಮ ಕಡೆ ಹಳೆಯ ಜನರ ಗುರುತೇ ಇಲ್ಲ ಅಂತಲ್ಲ. ಕೆರೆಕಟ್ಟೆಯ ಕಾಡಿನಿಂದ ಇಳಿದ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಬಯಲಿಗೆ ಬಂದ ಮೇಲೆ ಅದರ ದಡದಲ್ಲಿ ಹಳ್ಳೂರು ಇದೆ, ಹಾವೇರಿ ಜಿಲ್ಲೆಯಲ್ಲಿ. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ಮಾಡಿದಾಗ ಮೂರೂವರೆ ಸಾವಿರ ವರ್ಷಕ್ಕೂ ಹಳೆಯ ಹಳ್ಳಿ ಸಿಕ್ಕಿತು. ದನ ಸಾಕುವ, ಕಲ್ಲಿನ ಕೊಡಲಿ ಮಸೆಯುವ ಜನ. ಹಳ್ಳೂರು, ಬಳ್ಳಾರಿಯ ಸಂಗನಕಲ್ಲು ಮೊದಲಾದ ಕಡೆ ಸಿಕ್ಕ ಸುಟ್ಟ ಕಾಳುಗಳನ್ನು ನೋಡಿದರೆ ಅವರ ಊಟವೂ ಗೊತ್ತಾಗುತ್ತದೆ: ಹುರುಳಿ, ಹೆಸರು, ಕೊರಲೆ. ಗೋಧಿ, ಬಾರ್ಲಿ ಆಮೇಲೆ ಹೊರಗಿನಿಂದ ಬಂದವು. ಹುರುಳಿ ಮಾತ್ರ ಇಲ್ಲಿಯದ್ದೇ. ಇನ್ನು ಮಲೆನಾಡಿನ ಒಳಗೇ, ಹೊಸನಗರ ತಾಲ್ಲೂಕಿನ ನಿಲಸ್ಕಲ್, ಬೈಸೆಗಳಲ್ಲಿ ಆಳೆತ್ತರಕ್ಕೂ ಮೀರಿದ ನಿಲುವುಗಲ್ಲುಗಳ ಗುಂಪು ಇದೆ. ಶ್ರೀಕುಮಾರ್ ಮೆನನ್ ಮತ್ತು ಮಯಾಂಕ್ ವಹಿಯಾ ಅವನ್ನು ಅಳತೆ ಮಾಡಿ, ಕೆಲವು ಕಲ್ಲುಜೋಡಿಗಳು ಅಯನ ಸಂಕ್ರಾಂತಿಯ ದಿನದ ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಸರಿಯಾಗಿ ನಿಂತಿವೆ ಅಂತ ತೋರಿಸಿದರು. ಮೆನನ್ ಓದಿದ್ದು ಎಂಜಿನಿಯರಿಂಗ್ ಕಡೆಗೆ ಹತ್ತಿರವಾದ ಆರ್ಕಿಟೆಕ್ಚರ್ ಅನ್ನೋದನ್ನು ನಮ್ಮ ಸಿವಿಲ್‌ನವರು ಗಮನಿಸಬೇಕು. ಕಲ್ಲು ನಿಲ್ಲಿಸಿದ ಕೈಗಳು ಯಾರವು ಅಂತ ಕಲ್ಲು ಹೇಳಲ್ಲ.

ಹಾಗಾಗಿ ಇಲ್ಲಿ ಉಳಿದ ದಾರಿ ಒಂದೇ. ಸತ್ತವರ ಎಲುಬು ಇಲ್ಲದಿದ್ದರೆ ಬದುಕಿರುವವರ ರಕ್ತ, ಎಂಜಲು.

ನಿಮ್ಮ ಎಂ-ಫೋರ್ ಇಲ್ಲಿ ಕೆಲಸಕ್ಕೆ ಬರುತ್ತದೆ

ನಮ್ಮ ಡಿಎನ್ಎಯಲ್ಲಿ ಸುಮಾರು 300 ಕೋಟಿ ಅಕ್ಷರ. ಬಹುಪಾಲು ಎಲ್ಲ ಮನುಷ್ಯರಲ್ಲೂ ಒಂದೇ. ಅಲ್ಲೊಂದು ಇಲ್ಲೊಂದು ಜಾಗದಲ್ಲಿ ಮಾತ್ರ ಕೆಲವರಿಗೆ ಒಂದು ಅಕ್ಷರ, ಕೆಲವರಿಗೆ ಇನ್ನೊಂದು. ಅಂಥ ಐದಾರು ಲಕ್ಷ ಜಾಗ ಆರಿಸಿಕೊಳ್ಳಿ. ಪ್ರತಿ ಜಾಗದಲ್ಲೂ ಒಬ್ಬ ವ್ಯಕ್ತಿಗೆ ಅಮ್ಮನಿಂದ ಒಂದು, ಅಪ್ಪನಿಂದ ಒಂದು ಪ್ರತಿ ಇರುತ್ತದಲ್ಲ, ಆ ಎರಡರಲ್ಲಿ ಅಪರೂಪದ ಅಕ್ಷರ ಎಷ್ಟು ಸಲ ಇದೆ ಅಂತ ಎಣಿಸಿದರೆ ಸೊನ್ನೆ, ಒಂದು ಅಥವಾ ಎರಡು. ಸಾಲಿಗೆ ಒಬ್ಬ ಮನುಷ್ಯ, ಕಾಲಮ್ಮಿಗೆ ಒಂದು ಜಾಗ. ಮ್ಯಾಟ್ರಿಕ್ಸ್ ಸಿದ್ಧ.

ಈ ಮ್ಯಾಟ್ರಿಕ್ಸಿನ ಕೋವೇರಿಯನ್ಸ್ ತೆಗೆದು ಅದರ ಮೊದಲ ಎರಡು ಐಗನ್‌ವೆಕ್ಟರ್‌ಗಳ ಮೇಲೆ ಪ್ರತಿಯೊಬ್ಬರನ್ನೂ ಚುಕ್ಕಿಯಾಗಿ ಇಟ್ಟರೆ ಒಂದು ಚಿತ್ರ ಬರುತ್ತದೆ. ಫೇಸ್ ರೆಕಗ್ನಿಷನ್ ಮಿನಿ ಪ್ರಾಜೆಕ್ಟ್ ಮಾಡಿದವರಿಗೆ ಇದು ಹಳೆಯ ಪಿಸಿಎ. 2009ರಲ್ಲಿ ಹೈದರಾಬಾದಿನ ಸಿಸಿಎಂಬಿಯ ಲಾಲ್ಜಿ ಸಿಂಗ್, ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಕ್ ತಂಡ 25 ಸಮುದಾಯಗಳ 132 ಜನರ ಮೇಲೆ ಇದನ್ನು ಮಾಡಿದರು. ಗುಂಪುಗುಂಪಾಗಿ ಬೇರೆ ಬೇರೆ ಮೂಲೆಯಲ್ಲಿ ಕೂರಬೇಕಿದ್ದ ಚುಕ್ಕಿಗಳು ಹೆಚ್ಚುಕಡಿಮೆ ಒಂದು ಗೆರೆಯ ಮೇಲೆ ಸಾಲಾಗಿ ನಿಂತವು. ಎರಡು ಪಾತ್ರೆಯ ನೀರನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಲೋಟಗಳನ್ನು ಜೋಡಿಸಿಟ್ಟರೆ ಬರುವ ಚಿತ್ರ ಇದು. ಯಾವ ಲೋಟದಲ್ಲೂ ಬರಿ ಒಂದೇ ಪಾತ್ರೆಯ ನೀರಿಲ್ಲ. ಬ್ರಾಹ್ಮಣ, ದಲಿತ, ಬುಡಕಟ್ಟು ಅಂತ ಯಾವ ಹೆಸರಿದ್ದರೂ ಮುಖ್ಯಭೂಮಿಯ ಭಾರತದಲ್ಲಿ ಬೆರೆಯದ ಗುಂಪು ಸಿಗಲಿಲ್ಲ. ಅಂಡಮಾನಿನ ದ್ವೀಪದವರು ಮಾತ್ರ ಈ ಗೆರೆಯಿಂದ ಹೊರಗೆ ನಿಂತರು.

ನಮ್ಮಲ್ಲಿ 'ಬೆರಕೆ' ಅನ್ನೋದು ಮನುಷ್ಯರಿಗೆ ಹೇಳಿದರೆ ಬೈಗುಳ. ಬೆರಕೆ ಸೊಪ್ಪಿನ ಸಾರಿಗೆ ಮಾತ್ರ ಮರ್ಯಾದೆ. ಈ ಗೆರೆಯ ಮುಂದೆ ಆ ಬೈಗುಳಕ್ಕೆ ಅರ್ಥವೇ ಉಳಿಯಲ್ಲ.

ಒಂದು ಎಚ್ಚರ ಹೇಳಲೇಬೇಕು. ಪಿಸಿಎ ಚಿತ್ರ ಯಾರ ಮಾದರಿ ಹಾಕಿದ್ದೀರಿ ಅನ್ನುವುದರ ಮೇಲೆ ನಿಂತಿದೆ. ಒಂದು ಸಮುದಾಯದ ನೂರು ಜನ, ಇನ್ನೊಂದರ ಇಬ್ಬರು ಇದ್ದರೆ ಅಕ್ಷವೇ ವಾಲುತ್ತದೆ. ಚಿತ್ರ ಒಂದನ್ನೇ ಹಿಡಿದು "ನೋಡಿ, ನಾವು ಇಂಥವರ ಹತ್ತಿರ ಇದ್ದೀವಿ" ಅಂತ ವಾಟ್ಸಾಪಿನಲ್ಲಿ ಹಾಕುವವರನ್ನು ನಂಬಬೇಡಿ.

ಹಾಗೇ "ತಾಯಿಯ ಕಡೆಯ ಗುಂಪು", "ತಂದೆಯ ಕಡೆಯ ಗುಂಪು" ಅಂತ ಹೇಳಿ ದುಡ್ಡು ಕೇಳುವ ಪರೀಕ್ಷೆಗಳು. ಮೈಟೊಕಾಂಡ್ರಿಯದ ಡಿಎನ್ಎ ತಾಯಿಯಿಂದ ಮಾತ್ರ ಬರುತ್ತದೆ, ವೈ ಕ್ರೋಮೋಸೋಮು ಅಪ್ಪನಿಂದ ಮಗನಿಗೆ. ಹತ್ತು ತಲೆಮಾರು ಹಿಂದೆ ನಿಮ್ಮ ವಂಶವೃಕ್ಷದಲ್ಲಿ 1,024 ಜಾಗ. ಮೈಟೊಕಾಂಡ್ರಿಯ ಅದರಲ್ಲಿ ಒಬ್ಬಳ ಕತೆ ಹೇಳುತ್ತದೆ, ಮಿಕ್ಕ 1,023ರ ಬಗ್ಗೆ ಬಾಯಿ ಬಿಡಲ್ಲ. ಇನ್ನೂ ಹಿಂದೆ, ಮೂವತ್ತು ತಲೆಮಾರಿಗೆ ಹೋದರೆ 107 ಕೋಟಿ ಜಾಗ; ಆ ಕಾಲಕ್ಕೆ ಇಡೀ ಭೂಮಿಯ ಜನಸಂಖ್ಯೆಯೇ ಅಷ್ಟಿರಲಿಲ್ಲ. ಅಂದರೆ ಒಬ್ಬರೇ ಅಜ್ಜ ಅಜ್ಜಿ ಬೇರೆ ಬೇರೆ ಕೊಂಬೆಯಲ್ಲಿ ಮತ್ತೆ ಮತ್ತೆ ಬಂದು ಕೂತಿದ್ದಾರೆ. ಶುದ್ಧ ವಂಶಾವಳಿ ಅನ್ನುವ ಮಾತು ಈ ಲೆಕ್ಕದಲ್ಲೇ ಬಿದ್ದುಹೋಗುತ್ತದೆ.

ಬೆರೆತದ್ದು ಯಾವಾಗ? ಕೆಪಾಸಿಟರ್ ಕೇಳಿ

ನಮಗೆ ಅತಿ ಚೆಂದ ಕಂಡದ್ದು ಈ ಭಾಗ. ಬೆರೆತಿದ್ದಾರೆ ಸರಿ, ಯಾವಾಗ ಬೆರೆತರು ಅಂತ ಬದುಕಿರುವವರ ಡಿಎನ್ಎಯಿಂದ ಹೇಗೆ ಹೇಳೋದು?

ಎರಡು ಬೇರೆ ಬೇರೆ ಮೂಲದವರು ಮದುವೆಯಾದರು ಅಂದುಕೊಳ್ಳಿ. ಮಗುವಿನ ಒಂದು ಕ್ರೋಮೋಸೋಮು ಪೂರ್ತಿ ಅಮ್ಮನ ಕಡೆಯದ್ದು, ಇನ್ನೊಂದು ಪೂರ್ತಿ ಅಪ್ಪನ ಕಡೆಯದ್ದು. ಆ ಮಗು ದೊಡ್ಡದಾಗಿ ಮುಂದಿನ ಪೀಳಿಗೆಗೆ ದಾಟಿಸುವಾಗ ಎರಡೂ ಕ್ರೋಮೋಸೋಮು ಅಲ್ಲಲ್ಲಿ ತುಂಡಾಗಿ ಅದಲುಬದಲಾಗುತ್ತವೆ. ಇಸ್ಪೀಟಿನ ಎಲೆ ಕಲಸಿದ ಹಾಗೆ. ಒಂದು ಸಲ ಕಲಸಿದರೆ ಕೆಂಪಿನ ಉದ್ದ ಸಾಲು, ಕಪ್ಪಿನ ಉದ್ದ ಸಾಲು ಉಳಿದಿರುತ್ತದೆ. ನೂರು ಸಲ ಕಲಸಿದ ಮೇಲೆ ಚೂರುಚೂರು. ಹಾಗಾಗಿ ತುಂಡಿನ ಉದ್ದವೇ ಗಡಿಯಾರ.

ಗಣಿತವಾಗಿ ಹೇಳಬೇಕಂದರೆ, ಕ್ರೋಮೋಸೋಮಿನ ಮೇಲೆ ಒಂದಕ್ಕೊಂದು 'ದೂ' ದೂರದಲ್ಲಿರುವ ಎರಡು ಜಾಗಗಳು ಇನ್ನೂ ಒಂದೇ ಮೂಲದಿಂದ ಬಂದಿರುವ ಸಂಬಂಧ, 'ತ' ತಲೆಮಾರುಗಳ ನಂತರ, ಇ ಘಾತ ಮೈನಸ್ ತ ಗುಣಿಸು ದೂ ಪ್ರಮಾಣದಲ್ಲಿ ಇಳಿಯುತ್ತದೆ. ಆರ್‌ಸಿ ಸರ್ಕ್ಯೂಟಿನಲ್ಲಿ ವೋಲ್ಟೇಜು ಇಳಿದ ಹಾಗೆಯೇ. ಅಲ್ಲಿ ಎಕ್ಸ್ ಅಕ್ಷದಲ್ಲಿ ಸಮಯ ಇರುತ್ತದೆ, ಇಲ್ಲಿ ಕ್ರೋಮೋಸೋಮಿನ ಮೇಲಿನ ದೂರ. ಅಲ್ಲಿ ಇಳಿಕೆಯ ವೇಗದಿಂದ ಟೈಮ್ ಕಾನ್‌ಸ್ಟಂಟ್ ತೆಗೆಯುತ್ತೀವಿ, ಇಲ್ಲಿ ತಲೆಮಾರು ತೆಗೆಯುತ್ತಾರೆ. ದೂರವನ್ನು ಅಳೆಯುವ ಮಾನ ಮಾರ್ಗನ್. ಅದರ ನೂರನೇ ಒಂದು ಭಾಗ, ಅಂದರೆ ಒಂದು ಸೆಂಟಿಮಾರ್ಗನ್, ಸುಮಾರು ಹತ್ತು ಲಕ್ಷ ಅಕ್ಷರ. ಎಂಟು ತಲೆಮಾರು ಹಿಂದೆ ಬೆರೆತಿದ್ದರೆ ತುಂಡುಗಳು ಸುಮಾರಾಗಿ ಹನ್ನೆರಡು ಸೆಂಟಿಮಾರ್ಗನ್ ಉದ್ದ. ನೂರು ತಲೆಮಾರಾಗಿದ್ದರೆ ಒಂದೇ ಒಂದು.

ಈ ಗಡಿಯಾರ ಸರಿಯಾಗಿ ನಡೀತಿದೆಯಾ ಅಂತ ಪರೀಕ್ಷಿಸಲು ನಮ್ಮ ಕರ್ನಾಟಕದಲ್ಲೇ ಒಂದು ಸಮುದಾಯ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಗಳು. ಅವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದವರಲ್ಲಿ ಪೋರ್ಚುಗೀಸರು ಮುಖ್ಯರು ಅನ್ನುವುದು ಬರೆದಿಟ್ಟ ಇತಿಹಾಸ. 2011ರಲ್ಲಿ ಸಿಸಿಎಂಬಿಯವರು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್ಎ ಓದಿದಾಗ ಆಫ್ರಿಕಾದ ಬಾಂಟು ಭಾಷಿಕರ ಮೂಲ, ಭಾರತದ ಮೂಲ, ಸ್ವಲ್ಪ ಯುರೋಪಿನ ಮೂಲ ಮೂರೂ ಸಿಕ್ಕವು. ಬೆರೆತದ್ದು ಸುಮಾರು 200 ವರ್ಷದ ಹಿಂದೆ, ಎಂಟು ತಲೆಮಾರು. ಇತಿಹಾಸವೂ ಡಿಎನ್ಎಯೂ ಒಂದೇ ಮಾತು ಹೇಳಿದವು. ಇನ್ನೊಂದು ವಿಷಯ ಗಮನಿಸಿ. ಇವತ್ತು ಸಿದ್ದಿಗಳ ಮನೆಮಾತು ಕನ್ನಡ, ಕೊಂಕಣಿ, ಮರಾಠಿಗಳ ಒಡನಾಟದಲ್ಲಿ ಬೆಳೆದದ್ದು. ರಕ್ತ ಒಂದು ದಾರಿಯಲ್ಲಿ ಬಂದಿದೆ, ನಾಲಿಗೆ ಇನ್ನೊಂದು ದಾರಿಯಲ್ಲಿ. ಭಾಷೆ ನೋಡಿ ಕುಲ ಹೇಳುವವರು, ಕುಲ ನೋಡಿ ಭಾಷೆ ಹೇಳುವವರು ಇಬ್ಬರೂ ಒಮ್ಮೆ ಯಲ್ಲಾಪುರಕ್ಕೆ ಹೋಗಿ ಬರಲಿ.

ಗಡಿಯಾರ ಸರಿ ಇದೆ ಅಂತಾಯ್ತು. ಅದನ್ನು ಇಡೀ ದೇಶಕ್ಕೆ ಹಿಡಿದರು. 2013ರಲ್ಲಿ ಪ್ರಿಯಾ ಮೂರ್ಜಾನಿ ಮತ್ತು ಸಂಗಡಿಗರು 73 ಸಮುದಾಯಗಳನ್ನು ಲೆಕ್ಕ ಹಾಕಿದಾಗ ಬಂದ ಉತ್ತರ: ಬೆರೆಯುವಿಕೆ ನಡೆದದ್ದು ಇಂದಿಗೆ 4,200ರಿಂದ 1,900 ವರ್ಷಗಳ ಹಿಂದಿನ ನಡುವೆ. ಒಂದು ತಲೆಮಾರಿಗೆ 29 ವರ್ಷ ಹಿಡಿದರೆ 145ರಿಂದ 65 ತಲೆಮಾರು. ಆಮೇಲೆ ಅದು ನಿಂತುಹೋಗಿದೆ. ಬೇಲೂರಿನ ಹತ್ತಿರ ಹಲ್ಮಿಡಿ ಶಾಸನ ಕೆತ್ತಿದ್ದು ಕ್ರಿ.ಶ. 450ರ ಸುಮಾರಿಗೆ. ಆ ಶಾಸನದ ಕಲ್ಲಿಗೆ ಉಳಿ ಬೀಳುವ ಹೊತ್ತಿಗೆ, ಹೆಚ್ಚುಕಡಿಮೆ, ಬಾಗಿಲು ಹಾಕಿಯಾಗಿತ್ತು.

ಇಲ್ಲೂ ಒಂದು ಕೊಕ್ಕೆ ಇದೆ. ಒಂದೇ ಸಲ ಬೆರೆತಿದ್ದಾರೆ ಅಂತ ಊಹಿಸಿ ಕರ್ವ್ ಫಿಟ್ ಮಾಡಿದರೆ ಬರುವುದು ಒಂದೇ ತಾರೀಖು. ನಿಜದಲ್ಲಿ ಐನೂರು ವರ್ಷ ಬೆರೆಯುತ್ತಲೇ ಇದ್ದಿದ್ದರೆ ಆ ತಾರೀಖು ಶುರುವಾದದ್ದನ್ನು ಹೇಳಲ್ಲ, ಕೊನೆಯ ಕಡೆಗೆ ವಾಲುತ್ತದೆ. ಅದಕ್ಕೇ ನಾವು ಇದನ್ನು ಬಂದ ದಿನ ಅಂತ ಓದದೆ, ಬಾಗಿಲು ಹಾಕಿದ ಕಾಲ ಅಂತ ಓದೋದು ಹೆಚ್ಚು ಸರಿ ಅಂದುಕೊಂಡಿದ್ದೇವೆ.

ಮೂರು ಹೊಳೆ

ಬೆರೆತವರು ಯಾರ್ಯಾರು ಅನ್ನುವುದು 2019ರ ಅಧ್ಯಯನಗಳಲ್ಲಿ ಸ್ಪಷ್ಟವಾಯಿತು. ಎಲ್ಲಕ್ಕಿಂತ ಕೆಳಗಿನ ಪದರ ಆಫ್ರಿಕಾದಿಂದ ಹೊರಟ ಮನುಷ್ಯರ ಮೊದಲ ಹರಡುವಿಕೆಯಲ್ಲಿ ಇಲ್ಲಿಗೆ ಬಂದು, ಹತ್ತಾರು ಸಾವಿರ ವರ್ಷ ಇಲ್ಲೇ ಇದ್ದ ಬೇಟೆಗಾರರದ್ದು. ಅಂಡಮಾನಿನವರು ಇವರಿಗೆ ದೂರದ ದಾಯಾದಿಗಳು. ಭಾರತೀಯರ ತಾಯಿಯ ಕಡೆಯ ಎಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವರದ್ದೇ.

ಎರಡನೆಯದು ಸಿಂಧೂ ಕಣಿವೆಯವರು. ಇವರಲ್ಲಿ ಇರಾನಿನ ಕಡೆಯವರಿಗೆ ಸಂಬಂಧಿಸಿದ ಒಂದು ಎಳೆ ಇದೆ. ಆದರೆ ರಾಖಿಗಢಿಯ ಹೆಂಗಸು ಹೇಳಿದ್ದು ಏನಂದರೆ, ಆ ಎಳೆ ಇರಾನಿನವರಿಂದ ಬೇರೆಯಾದದ್ದು 12,000 ವರ್ಷಕ್ಕೂ ಹಿಂದೆ, ಅಂದರೆ ಬೇಸಾಯ ಶುರುವಾಗುವ ಮುಂಚೆ. "ಇರಾನಿನ ರೈತರು ಬಂದು ನಮಗೆ ಉಳುವುದು ಕಲಿಸಿದರು" ಅನ್ನುವ ಹಳೆಯ ಸರಳ ಕತೆ ಅಲ್ಲಿಗೆ ಬಿತ್ತು. ಸಿಂಧೂ ಪಟ್ಟಣಗಳು ಕ್ಷೀಣಿಸಿದ ಮೇಲೆ ಇವರ ಒಂದು ಭಾಗ ದಕ್ಷಿಣದ ಬೇಟೆಗಾರರ ಜೊತೆ ಬೆರೆಯಿತು. ಇನ್ನೊಂದು ಭಾಗ, ಕ್ರಿ.ಪೂ. 2000ದಿಂದ 1500ರ ನಡುವೆ ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಬಂದ ಪಶುಪಾಲಕರ ಜೊತೆ. ಅದು ಮೂರನೆಯ ಹೊಳೆ. ಈ ಮೂರನೆಯದು ರಾಖಿಗಢಿಯ ಹೆಂಗಸಿನಲ್ಲಿ ಇರಲಿಲ್ಲ. ಇವತ್ತು ನಮ್ಮಲ್ಲಿ ಒಬ್ಬೊಬ್ಬರಲ್ಲಿ ಒಂದೊಂದು ಅಳತೆಯಲ್ಲಿ ಇದೆ. ಎಡಪಂಥ ಬಲಪಂಥ ಎರಡೂ ಕಡೆಯವರು ಈ ಒಂದು ಪ್ಯಾರಾದ ಅರ್ಧರ್ಧ ಮಾತ್ರ ಹಿಡಿದುಕೊಂಡು ಟಿವಿಯಲ್ಲಿ ಕೂಗಾಡುವುದನ್ನು ನೋಡಿರುತ್ತೀರಿ.

ಈಗ ಕೆರೆಕಟ್ಟೆಯಿಂದ ಘಾಟಿ ಇಳಿಯೋಣ. ಕಾರ್ಕಳ, ಉಡುಪಿ, ಮಂಗಳೂರು, ಕಾಸರಗೋಡು. ಇಲ್ಲಿ ಕೊರಗರಿದ್ದಾರೆ. ಬೀಳು ಬಳ್ಳಿಯಿಂದ ಬುಟ್ಟಿ ಹೆಣೆಯುವವರು. ಕರ್ನಾಟಕದಲ್ಲಿ ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲ ಅಂತ ಗುರುತಿಸಿದ ಬುಡಕಟ್ಟು ಎರಡೇ, ಜೇನುಕುರುಬರು ಮತ್ತು ಇವರು. ಮೇಲ್ಜಾತಿಯವರ ಕೂದಲು, ಉಗುರು ಬೆರೆಸಿದ ಅನ್ನವನ್ನು ಇವರಿಗೆ ತಿನ್ನಿಸುವ 'ಅಜಲು' ಅನ್ನುವ ಪದ್ಧತಿ ಇತ್ತು. ಅದನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬೇಕಾಯಿತು. 2000, ನಮ್ಮಲ್ಲಿ ಹಲವರು ಹುಟ್ಟುವ ಹೊತ್ತಿಗೆ ಹತ್ತಿರದ ಇಸವಿ. ಇವರ ಭಾಷೆಯ ಬಗ್ಗೆ 1971ರಲ್ಲೇ ಡಿ.ಎನ್. ಶಂಕರ ಭಟ್ಟರು ಪುಸ್ತಕ ಬರೆದಿದ್ದಾರೆ. ಸುತ್ತಲೂ ತುಳು, ಕನ್ನಡ ಇದ್ದರೂ ಅದು ಬೇರೆಯದೇ ದ್ರಾವಿಡ ಭಾಷೆ.

ಇತ್ತೀಚೆಗೆ ಮಂಗಳೂರು ವಿಶ್ವವಿದ್ಯಾಲಯದ ಮೊಹಮ್ಮದ್ ಮುಸ್ತಾಕ್, ಜೈಸನ್ ಸೀಕ್ವೇರಾ, ಯೆನೆಪೋಯದ ರಣಜಿತ್ ದಾಸ್ ಮತ್ತು ಸಂಗಡಿಗರು ಕೊರಗರ ಜೀನೋಮ್ ಓದಿದರು. ಮೇಲೆ ಹೇಳಿದ ಮೂರು ಹೊಳೆಯಿಂದ ಮಾತ್ರ ಕೊರಗರ ಲೆಕ್ಕ ಸರಿಹೊಂದುವುದಿಲ್ಲ, ಇನ್ನೊಂದು ಎಳೆ ಬೇಕಾಗುತ್ತದೆ ಅನ್ನುವುದು ಅವರ ವಾದ. ಅದು ಸುಮಾರು 4,400 ವರ್ಷ ಹಿಂದಿನದು, ಇರಾನಿನ ಪ್ರಸ್ಥಭೂಮಿ ಮತ್ತು ಸಿಂಧೂ ಕಣಿವೆಯ ನಡುವೆ ಎಲ್ಲೋ ಮೂಡಿದ್ದು. ಅವರು ಅದನ್ನು 'ಪ್ರೋಟೊ ದ್ರಾವಿಡಿಯನ್' ಅಂತ ಕರೆದರು. ಬೇರೆ ದಾರಿಯಲ್ಲಿ, 20 ದ್ರಾವಿಡ ಭಾಷೆಗಳ ಪದಗಳನ್ನು ಹೋಲಿಸಿ 2018ರಲ್ಲಿ ಬಂದ ಒಂದು ಅಧ್ಯಯನ ದ್ರಾವಿಡ ಕುಟುಂಬದ ವಯಸ್ಸು ಸುಮಾರು 4,500 ವರ್ಷ ಅಂದಿತ್ತು. ಎರಡು ಸಂಖ್ಯೆ ಪಕ್ಕಪಕ್ಕದಲ್ಲಿ ಬಂದು ಕೂತದ್ದು ನೋಡಿ ಖುಷಿಯಾಗುತ್ತದೆ. ಆದರೆ ಸಿದ್ದಿಗಳ ಪಾಠ ಮರೆಯಬೇಡಿ: ಎಳೆಗೆ ಭಾಷೆಯ ಹೆಸರಿಟ್ಟ ಮಾತ್ರಕ್ಕೆ ಎಳೆ ಮಾತಾಡುವುದಿಲ್ಲ. ಈ ಎಳೆಯನ್ನು ಕಂಡದ್ದು ಇವತ್ತಿನ ಜನರ ಡಿಎನ್ಎಗೆ ಮಾದರಿ ಹೊಂದಿಸಿ; ಅದನ್ನು ಹೊತ್ತ ಹಳೆಯ ಎಲುಬಿನಿಂದ ಓದಿದ್ದಲ್ಲ. ನಾವು ಇದನ್ನು ಒಳ್ಳೆಯ ಊಹೆ ಅಂತ ಇಟ್ಟುಕೊಂಡಿದ್ದೇವೆ, ತೀರ್ಪು ಅಂತಲ್ಲ.

ಇನ್ನೊಂದು ಮಾತು. ಕೊರಗರೂ ಬೆರೆತವರೇ. "ಮೊದಲಿಂದ ಇದ್ದವರು ಬಿಡು" ಅನ್ನುತ್ತೇವಲ್ಲ, ಆ ಮಾತಿನಲ್ಲಿ ಗೌರವ ಇದ್ದ ಹಾಗೆ ಕಂಡರೂ ಒಳಗೆ ಇರುವುದು ಅವರು ಅಲ್ಲೇ ನಿಂತುಬಿಟ್ಟವರು, ನಡೆದವರು ನಾವು ಅನ್ನುವ ಭಾವ. ಅವರ ಜೀನೋಮಿನಲ್ಲಿ ಕಾಣುವುದು ಉಲ್ಟಾ. ಅವರ ಹಿರಿಯರೂ ಬಹಳ ದೂರ ನಡೆದು ಬಂದಿದ್ದಾರೆ, ದಾರಿಯಲ್ಲಿ ಸಿಕ್ಕವರ ಜೊತೆ ಸಂಸಾರ ಮಾಡಿದ್ದಾರೆ.

ಬಾಗಿಲು ಹಾಕಿದ ಮೇಲೆ

ಬಾಗಿಲು ಹಾಕಿದರು ಅಂದೆವಲ್ಲ. ಹಾಗಂದರೆ ಜಾತಿಯೊಳಗೇ ಮದುವೆ ಅನ್ನುವ ಕಟ್ಟುಪಾಡು ಗಟ್ಟಿಯಾಯಿತು. ಪಾಠದ ಈ ಭಾಗಕ್ಕೆ ಬಂದಾಗ ನಮ್ಮ ರೂಮು ಸ್ವಲ್ಪ ಸುಮ್ಮನಾಯಿತು.

ಒಂದು ಗುಂಪು ಕೆಲವೇ ಕುಟುಂಬಗಳಿಂದ ಶುರುವಾಗಿ, ನೂರಾರು ವರ್ಷ ಒಳಗೊಳಗೇ ಮದುವೆಯಾಗುತ್ತಾ ಬಂದರೆ, ಆ ಮೊದಲ ಕುಟುಂಬಗಳಲ್ಲಿ ಯಾರಲ್ಲೋ ಇದ್ದ ಒಂದು ತಪ್ಪು ಅಕ್ಷರ ಇಡೀ ಗುಂಪಿಗೆ ಹರಡುತ್ತದೆ. ಗುಂಪು ಆಮೇಲೆ ಎಷ್ಟೇ ದೊಡ್ಡದಾದರೂ ಅಷ್ಟೆ. 2017ರಲ್ಲಿ 'ನೇಚರ್ ಜೆನೆಟಿಕ್ಸ್'ನಲ್ಲಿ ಬಂದ ಅಧ್ಯಯನ ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ನೋಡಿತು. ಅದರಲ್ಲಿ 81ರಲ್ಲಿ ಈ ಪರಿಣಾಮ, ಇದಕ್ಕೆ ಪ್ರಪಂಚದಲ್ಲೇ ಹೆಸರಾದ ಫಿನ್‌ಲ್ಯಾಂಡಿನವರು ಮತ್ತು ಅಶ್ಕನಾಜಿ ಯಹೂದಿಗಳಿಗಿಂತ ಹೆಚ್ಚು. ಆ 81ರಲ್ಲಿ 14 ಸಮುದಾಯಗಳ ಜನಸಂಖ್ಯೆ ಹತ್ತು ಲಕ್ಷಕ್ಕೂ ಮೀರಿದ್ದು. ವೈಶ್ಯ ಸಮುದಾಯದ ಉದಾಹರಣೆ ಅರಿವಳಿಕೆ ವೈದ್ಯರಿಗೆಲ್ಲ ಗೊತ್ತು. ಆಪರೇಷನ್‌ಗೆ ಮುಂಚೆ ಸ್ನಾಯು ಸಡಿಲಿಸಲು ಕೊಡುವ ಒಂದು ಸಾಮಾನ್ಯ ಔಷಧವನ್ನು ಒಡೆಯುವ ಕಿಣ್ವ ಇವರಲ್ಲಿ ಕೆಲವರಿಗೆ ಇರುವುದಿಲ್ಲ. ಬೇರೆಯವರಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ನಿಮಿಷಗಳಲ್ಲಿ ಇಳಿಯಬೇಕಾದ ಔಷಧ ಗಂಟೆಗಟ್ಟಲೆ ಉಸಿರಾಟವನ್ನೇ ಹಿಡಿದಿಡುತ್ತದೆ.

ನಮ್ಮ ಮಲೆನಾಡಿಗೂ ಇಂಥ ಒಂದು ಹೆಸರಿದೆ. ಸಾಗರ ತಾಲ್ಲೂಕಿನ ಹಂದಿಗೋಡು.

1974–75ರ ಸುಮಾರಿಗೆ ಆ ಊರಿನಲ್ಲಿ ಮಕ್ಕಳಿಗೂ ಹರೆಯದವರಿಗೂ ಸೊಂಟ, ಮಂಡಿ ಹಿಡಿದುಕೊಳ್ಳುವ ಕಾಯಿಲೆ ಹೊರಗಿನವರ ಗಮನಕ್ಕೆ ಬಂತು. ಕೆಲವರಿಗೆ ಎತ್ತರವೇ ಬೆಳೆಯುತ್ತಿರಲಿಲ್ಲ. ಕೆಲವರು ನಡೆಯಲಾರದೆ ತೆವಳುವ ಸ್ಥಿತಿಗೆ ಬಂದರು. ಆಮೇಲೆ ಶಿವಮೊಗ್ಗ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಬೇರೆ ಹಳ್ಳಿಗಳಲ್ಲೂ ಸಿಕ್ಕಿತು. ಮೊದಲು ಅನುಮಾನ ಬಂದದ್ದು ಊಟದ ಮೇಲೆ: ಬಡ ಕೂಲಿ ಕುಟುಂಬಗಳು ಗದ್ದೆಯ ಏಡಿ ತಿನ್ನುತ್ತಾರೆ, ಗದ್ದೆಗೆ ಹೊಸದಾಗಿ ಕೀಟನಾಶಕ ಬಂದಿದೆ, ಏಡಿಯ ಮೂಲಕ ವಿಷ ಸೇರಿರಬೇಕು ಅಂತ. ಅನುಮಾನ ಆ ಕಾಲಕ್ಕೆ ಅಸಂಬದ್ಧವೇನಲ್ಲ. ಆದರೆ ಮನೆಮನೆಯ ವಂಶವೃಕ್ಷ ಬರೆದು ನೋಡಿದಾಗ ಬೇರೆಯೇ ಚಿತ್ರ ಬಂತು. ಅದೇ ಊರು, ಅದೇ ಗದ್ದೆ, ಅದೇ ಏಡಿ. ಕಾಯಿಲೆ ಮಾತ್ರ ಕೆಲವು ಮನೆತನಗಳಲ್ಲಿ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ. ಪಿಯುಸಿ ಬಯಾಲಜಿ ಓದಿದವರಿಗೆ ಗೊತ್ತು, ಇದು ಪ್ರಬಲ ವಂಶವಾಹಿಯ ಲಕ್ಷಣ. ನಾಣ್ಯ ಚಿಮ್ಮಿದ ಹಾಗೆ.

ವೈಶ್ಯರ ಉದಾಹರಣೆಗೂ ಇದಕ್ಕೂ ವ್ಯತ್ಯಾಸ ಇದೆ. ಅಲ್ಲಿ ತಪ್ಪು ಅಕ್ಷರ ಅಮ್ಮ ಅಪ್ಪ ಇಬ್ಬರಿಂದಲೂ ಬಂದರೆ ಮಾತ್ರ ತೊಂದರೆ, ಹಾಗಾಗಿ ಒಳಮದುವೆಯೇ ಕಾಯಿಲೆಯನ್ನು ಹೊರಗೆ ತರುತ್ತದೆ. ಹಂದಿಗೋಡಿನಲ್ಲಿ ಒಂದೇ ಸಾಕು. ಅಲ್ಲಿ ಒಳಮದುವೆ ಮಾಡಿದ್ದು ಅದನ್ನು ಒಂದೆರಡು ಸಮುದಾಯದ ಬೇಲಿಯೊಳಗೇ ಉಳಿಸಿದ್ದು. ಬೇಲಿ ಹಾಕಿದವರು ಅವರಲ್ಲ ಅನ್ನೋದನ್ನು ಬೇರೆ ಹೇಳಬೇಕಿಲ್ಲ; ಪರಿಶಿಷ್ಟ ಜಾತಿಯ ಕೂಲಿ ಕುಟುಂಬಗಳ ಜೊತೆ ಊರಿನ ಮಿಕ್ಕವರು ಯಾರು ಸಂಬಂಧ ಬೆಳೆಸುತ್ತಿದ್ದರು? ಸಮುದಾಯಗಳ ಹೆಸರನ್ನು ನಾವು ಇಲ್ಲಿ ಬೇಕೆಂದೇ ಬರೆದಿಲ್ಲ. ವೈದ್ಯಕೀಯ ಪತ್ರಿಕೆಗಳಲ್ಲಿ ಇದೆ, ಬೇಕಾದವರು ಹುಡುಕಬಹುದು. ಕಾಯಿಲೆಗೆ ತಮ್ಮ ಊರಿನ ಹೆಸರೇ ಅಂಟಿಕೊಂಡಿರುವುದು ಅವರಿಗೆ ಈಗಾಗಲೇ ಸಾಕಾಗಿದೆ.

ಆ ಮನೆಗಳಲ್ಲಿ ಕೇಳುವ ಪ್ರಶ್ನೆ ಯಾರು ಮೊದಲು ಬಂದರು ಅನ್ನುವುದಲ್ಲ. ಮಗಳಿಗೆ ಮದುವೆ ಮಾಡಬಹುದಾ, ಹುಟ್ಟುವ ಮಗು ನಡೆಯುತ್ತದಾ ಅನ್ನುವುದು. ಏಡಿ ತಿನ್ನಬೇಡಿ ಅಂತ ಹೇಳಿಸಿಕೊಂಡವರಿಗೆ, ಏಡಿಯ ತಪ್ಪಿಲ್ಲ, ನಿಮ್ಮ ತಪ್ಪೂ ಇಲ್ಲ, ಪ್ರತಿ ಮಗುವಿಗೂ ಎರಡರಲ್ಲಿ ಒಂದು ಸಾಧ್ಯತೆ ಇದೆ ಅಂತ ಅವರ ಭಾಷೆಯಲ್ಲೇ ಕೂತು ವಿವರಿಸುವವರು ಬೇಕು. ಅದಕ್ಕೆ ಬೇಕಾದ ಗಣಿತ ನಮ್ಮೆಲ್ಲರಿಗೂ ಬರುತ್ತದೆ.